ಎಲ್ಲರಿಗೂ ಒಂದೊಂದು ದಿನ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಸಿಸ್ಟರ್ ತಮ್ಮ ಮನೆಯ ಕಾರ್ ಶೆಡ್ಡಿನ ಬೀಗ ತೆಗೆದರು. ಒಳಗೆ ಇರಬೇಕಾಗಿದ್ದ ಪುಸ್ತಕದ ಪೆಟ್ಟಿಗೆಗಳಲ್ಲಿ ಒಂದೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವರು ನಮ್ಮ ಹಜಾರದಲ್ಲಿದ್ದರು. ನಮ್ಮ ಹಜಾರ ಎಂದರೆ ನನ್ನ ಅತ್ತೆಯ ಹಜಾರ. ನಾನು ಮನೆ ಅಳಿಯ, ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಅತ್ತೆ ವಿಮಾ ಕಂಪನಿಯಲ್ಲಿ ಕಳವು ಮತ್ತು ಬೆಂಕಿ ಅನಾಹುತಗಳ ತನಿಖೆ ಮಾಡಿ ನಿವೃತ್ತರಾದವರು. ಸುಟ್ಟ ಗೋದಾಮನ್ನು ಒಂದು ಸುತ್ತು ಹಾಕಿ, ಕಡ್ಡಿ ಗೀರಿದವನು ಯಾರೆಂದು ಹೇಳುತ್ತಿದ್ದರು ಎಂಬ ಖ್ಯಾತಿ ಅವರಿಗಿತ್ತು. ಈಗ ಬೀದಿಯವರು ತಮ್ಮ ತಮ್ಮ ಒಗಟುಗಳನ್ನು ಅವರ ಬಳಿಗೆ ತರುತ್ತಾರೆ. ಅತ್ತೆ ಕೇಳುತ್ತಾರೆ, ನಾನು ಕಾಫಿ ಮಾಡುತ್ತೇನೆ.

ಸಿಸ್ಟರ್ ಎದುರು ಮನೆಯವರು. ಹೆರಿಗೆ ವಾರ್ಡಿನ ನರ್ಸ್ ಆಗಿ ಅರ್ಧ ಊರನ್ನು ಎತ್ತಿಕೊಂಡವರು. ಆ ವಾರ್ಡಿನ ನೆನಪುಗಳನ್ನೇ ಬರೆದು, ತಮ್ಮ ಉಳಿತಾಯದಲ್ಲಿ ತಾವೇ ಪುಸ್ತಕ ಮಾಡಿಸಿದ್ದರು. ಬಿಡುಗಡೆ ಭಾನುವಾರ ಸಂಜೆ ಐದಕ್ಕೆ.

"ನಂಗೆ ಕೆಲಸ ಕಲಿಸಿದ ದೊಡ್ಡ ಸಿಸ್ಟರ್ ಬರ್ತಿದಾರೆ, ಅಮ್ಮಾವ್ರೇ," ಎಂದರು. "ಪುಸ್ತಕದಲ್ಲಿ ಅವರ ಕತೆಯೇ ಮುಖ್ಯವಾದದ್ದು. ಸೋಮವಾರ ಬೆಳಿಗ್ಗೆ ರೈಲಿಗೆ ಮಗನ ಊರಿಗೆ ಹೊರಟುಬಿಡ್ತಾರೆ, ಇನ್ನು ವಾಪಸ್ ಬರೋದಿಲ್ಲ. ತೊಂಬತ್ತು ಹತ್ರ ಬಂತು ಅವರಿಗೆ. ನಾಳೆ ಅವರ ಕೈಲಿ ಪುಸ್ತಕ ಇಡದೇ ಹೋದ್ರೆ ಇನ್ನು ಯಾವತ್ತು ಇಡಲಿ?"

"ಕೊನೆಗೆ ಯಾವಾಗ ನೋಡಿದ್ರಿ ಪೆಟ್ಟಿಗೆಗಳನ್ನ?"

"ನಿನ್ನೆ ಬೆಳಿಗ್ಗೆ. ಆಮೇಲೆ ಕ್ಲಿನಿಕ್, ಅಲ್ಲಿಂದ ಸಭಾಂಗಣ. ಕತ್ತಲಾದ ಮೇಲೆ ಮನೆಗೆ ಬಂದೆ. ಇವತ್ತು ಏಳಕ್ಕೆ ಪೆಟ್ಟಿಗೆ ತೆಗೆದು ಸಹಿ ಹಾಕೋಕೆ ಕೂರೋಣ ಅಂತಿತ್ತು. ಎಲ್ಲಾ ಪ್ಲಾನ್ ಪ್ರಕಾರ."

ಪ್ಲಾನ್ ಎಂದರೇನೆಂದು ಅವರ ಮನೆಗೆ ಹೋದಾಗ ನೋಡಿದೆ. ಊಟದ ಮನೆಯ ಒಂದಿಡೀ ಗೋಡೆಯ ಮೇಲೆ ಬಣ್ಣಬಣ್ಣದ ಚೀಟಿಗಳು: ಆಹ್ವಾನಕ್ಕೆ ಹಳದಿ, ಸಭಾಂಗಣಕ್ಕೆ ಹಸಿರು, ಪತ್ರಿಕೆಗಳಿಗೆ ನೀಲಿ. ಮೈಕು ಕೈಕೊಟ್ಟರೆ ಎಂದು ಎರಡನೇ ಮೈಕಿಗೂ ಒಂದು ಚೀಟಿ. ನನ್ನ ಸಂಪಾದಕರು ಇದನ್ನು ನೋಡಿದ್ದರೆ ಕೈಮುಗಿಯುತ್ತಿದ್ದರು.

ಅತ್ತೆ ಗೋಡೆಯನ್ನು ಒಮ್ಮೆ ನೋಡಿ ಶೆಡ್ಡಿಗೆ ನಡೆದರು. ಬೀಗ ಒಡೆದಿರಲಿಲ್ಲ. ಬೀಗದ ಕೈ ಚಪ್ಪಲಿ ಗೂಡಿನ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಅದರ ಜಾಗ ಮನೆಗೆ ಬಂದುಹೋಗುವ ಎಲ್ಲರಿಗೂ ಗೊತ್ತು. ಒಳಗೆ ತೇವ ತಾಗದಂತೆ ಹಾಸಿದ್ದ ಹಲಗೆಗಳು ಹಾಗೇ ಇದ್ದವು. ಪೆಟ್ಟಿಗೆಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲಿಟ್ಟಿದ್ದರು. ಭಿತ್ತಿಪತ್ರಗಳ ಸುರುಳಿಯನ್ನು ಯಾರೂ ಮುಟ್ಟಿರಲಿಲ್ಲ.

"ಅಚ್ಚುಕಟ್ಟಾದ ಕಳ್ಳ," ಎಂದೆ.

"ಹೂಂ. ನಮ್ಮ ಮನೇಲಿ ಹಾಸಿಗೆ ಮಡಿಸೋರಿಗಿಂತ ವಾಸಿ," ಎಂದರು ಅತ್ತೆ. ಹಾಸಿಗೆ ಮಡಿಸುವ ಕೆಲಸ ನನ್ನದು. "ಸಿಸ್ಟರ್, ನಿಮ್ಮ ಹತ್ರ ಬಿಡಿ ಪ್ರತಿ ಒಂದೂ ಇಲ್ವಾ?"

"ಒಂದಿತ್ತು. ಗುರುವಾರ ಪೆಟ್ಟಿಗೆಗಳ ಜೊತೆ ಬಂದದ್ದು. ನನ್ನ ಮೇಜಿನ ಮೇಲೆ..." ಅವರು ಒಳಗೆ ಹೋಗಿ ಬರಿಗೈಯಲ್ಲಿ ಬಂದರು. "ಅದೂ ಇಲ್ಲ."

"ಓದಿದ್ರಾ ಅದನ್ನ?"

"ಎಲ್ಲಿ ಓದೋದು? ಬರೆದು ಬರೆದು ಬಾಯಿಪಾಠ ಆಗಿತ್ತು. ರಕ್ಷಾಪುಟ ನೋಡಿದೆ, ಮೊದಲ ಪುಟ ನೋಡಿದೆ, ಕಣ್ಣು ತುಂಬ್ತು, ಮುಚ್ಚಿಟ್ಟೆ."

ಶುಕ್ರವಾರ ಮನೆಯೊಳಗೆ ಓಡಾಡಿದವರು ಮೂವರು: ಸಿಸ್ಟರ್ ಮಗಳು, ತಮ್ಮ, ಪುಸ್ತಕ ಹೊಲಿದುಕೊಟ್ಟ ಬೈಂಡರ್. ಅತ್ತೆ ಒಬ್ಬೊಬ್ಬರನ್ನೇ ಮಾತಾಡಿಸಿದರು.

ಮಗಳು ಅಮ್ಮನ ಜೊತೆಯಲ್ಲೇ ಇರುವವಳು. ಹೊಲಿಗೆ ಕೆಲಸಕ್ಕೆ ಶೆಡ್ಡನ್ನು ಬಿಟ್ಟುಕೊಡು ಎಂದು ತಿಂಗಳಿನಿಂದ ಕೇಳುತ್ತಿದ್ದಳು. "ಅದಕ್ಕೆ ನಾನು ಕದೀತೀನಾ ಅಜ್ಜಿ? ನಾಳೆ ಕಳೆದ್ರೆ ಶೆಡ್ ಹೇಗೂ ನಂದೇ," ಎಂದಳು. ನಿನ್ನೆ ಮೂರು ಗಂಟೆಗೆ ಹೊಲಿಗೆ ತರಗತಿಗೆ ಹೋಗಿ ಸಂಜೆ ಬಂದಿದ್ದಳು. ಪೆಟ್ಟಿಗೆ ಯಾವಾಗ ತೆರೆಯುತ್ತಾರೆಂದು ಅಮ್ಮ ಹೇಳಿದ್ದರು ಎಂದು ಅತ್ತೆ ಕೇಳಿದರು. "ಶನಿವಾರ ಏಳಕ್ಕೆ."

ತಮ್ಮ ಅಷ್ಟರಲ್ಲಿ ತಲೆ ಕೆರೆದುಕೊಳ್ಳುತ್ತಾ ಬಂದ. ತಾನು ಬಸ್ಸಿನಲ್ಲಿ ಹುಟ್ಟಿದ ಕತೆಯನ್ನು ಅಕ್ಕ ಪುಸ್ತಕಕ್ಕೆ ಹಾಕಿದ್ದಾಳೆಂದು ಅವನಿಗೆ ಸಿಟ್ಟು. "ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಿದ್ದೆ. ಉಂಡೆ, ಮಲಗಿದೆ, ಎರಡೂವರೆಗೆ ಎದ್ದು ಹೋದೆ. ನಂಗೆ ಹೇಳಿದ್ದು ಶುಕ್ರವಾರ ಸಂಜೆ ಪೆಟ್ಟಿಗೆ ತೆಗೀತೀವಿ, ಎತ್ತಿಡೋಕೆ ಬಾ ಅಂತ. ಸ್ವಲ್ಪ ತಡ ಆಯ್ತು, ಈಗ ಬಂದಿದೀನಿ."

"ಒಂದು ರಾತ್ರಿ ತಡ," ಎಂದಳು ಮಗಳು.

"ಮಾವನ್ನ ಹಾಗೆಲ್ಲ ಅನ್ಬಾರ್ದು ಕಣೇ."

ಬೈಂಡರ್‌ಗೆ ಸಿಸ್ಟರ್ ಇಟ್ಟಿದ್ದ ಹೆಸರು ಮುಂಗೋಳಿ. ಹತ್ತಕ್ಕೆ ಬನ್ನಿ ಎಂದರೆ ಎಂಟಕ್ಕೇ ಬಂದು ಗೇಟಿನ ಬಳಿ ನಿಲ್ಲುವ ಮನುಷ್ಯ. ಈ ಪುಸ್ತಕ ಬಿಡುಗಡೆಯಾಗುವ ತನಕ ಬೇರೆ ಕೆಲಸವನ್ನೇ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟು, ಬುಧವಾರ ಮುಗಿಸಿ, ಗುರುವಾರ ತಾನೇ ಪೆಟ್ಟಿಗೆ ಇಳಿಸಿಹೋಗಿದ್ದ. ಅತ್ತೆ ಫೋನು ಮಾಡಿಸಿದ ಕೂಡಲೇ ಓಡಿ ಬಂದ. ಬೆರಳುಗಳ ಸಂದಿಯಲ್ಲಿ ಇನ್ನೂ ಒಣಗದ ಅಂಟು. ಬೈಂಡರ್ ಕೈಯಲ್ಲಿ ಅಂಟಲ್ಲದೆ ಗಂಧ ಇರುತ್ತದೆಯೇ ಎಂದು ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ನಿನ್ನೆ ಪುಟಗುರುತಿನ ಪಟ್ಟಿಗಳನ್ನ ಕೊಡೋಕೆ ಬಂದಿದ್ದೆ, ಮಗಳ ಕೈಲಿ ಕೊಟ್ಟು ಹೋದೆ," ಎಂದ. "ಪೆಟ್ಟಿಗೆ ತೆಗೆಯೋದು ಭಾನುವಾರ ಮಧ್ಯಾಹ್ನ ಅಂದಿದ್ರು ಸಿಸ್ಟರ್."

ನಾನು ಅತ್ತೆಯನ್ನು ಪಕ್ಕಕ್ಕೆ ಕರೆದೆ. "ಮೂರು ಬಾಯಿ, ಮೂರು ಮಾತು. ಇವರಲ್ಲಿ ಇಬ್ಬರಾದರೂ ಸುಳ್ಳು ಹೇಳ್ತಿದಾರೆ."

"ಇಲ್ಲ ಅಳಿಯಂದ್ರೇ. ಈ ವಿಷಯದಲ್ಲಿ ಮೂವರೂ ನಿಜ ಹೇಳಿದಾರೆ. ಸುಳ್ಳು ಹೇಳಿದೋರು ನಾಲ್ಕನೆಯವರು. ಎಲ್ಲರನ್ನೂ ಊಟದ ಮನೇಲಿ ಕೂರಿಸಿ."

ಚೀಟಿಗಳ ಗೋಡೆಯ ಎದುರು ಎಲ್ಲರೂ ಕುಳಿತರು. ಅತ್ತೆ ಸಿಸ್ಟರ್ ಕಡೆ ತಿರುಗಿದರು.

"ಪೆಟ್ಟಿಗೆ ತೆಗೆಯೋ ದಿನಾನ ಒಬ್ಬೊಬ್ಬರಿಗೆ ಒಂದೊಂದು ಹೇಳಿದೀರಿ. ಯಾಕೆ?"

ಸಿಸ್ಟರ್ ಮುಖ ಕೆಂಪಾಯಿತು. "ಇನ್ನೇನು ಮಾಡ್ಲಿ? ಇವನು ಹುಟ್ಟಿದ್ದೇ ತಡವಾಗಿ. ಶುಕ್ರವಾರ ಸಂಜೆ ಅಂದ್ರೆ ಶನಿವಾರ ಬೆಳಿಗ್ಗೆ ಬರ್ತಾನೆ ಅಂತ ಲೆಕ್ಕ ಹಾಕಿದ್ದೆ."

"ಬಂದಿದೀನಲ್ಲ," ಎಂದ ತಮ್ಮ.

"ಮುಂಗೋಳಿಗೆ ಶನಿವಾರ ಅಂದಿದ್ರೆ ಶುಕ್ರವಾರವೇ ಬಂದು ತಲೆ ತಿಂತಿದ್ರು. ಅದಕ್ಕೇ ಭಾನುವಾರ ಅಂದೆ, ಗೋಡೆ ಮೇಲಿನ ಚೀಟೀಲೂ ಆ ದಿನ ಬರೀಲಿಲ್ಲ. ಮಗಳಿಗೆ ಮಾತ್ರ ಇದ್ದದ್ದನ್ನ ಹೇಳಿದ್ದು."

"ಸರಿ. ಈಗ ಕಳ್ಳನ ವಿಷಯ," ಎಂದರು ಅತ್ತೆ. "ಕೇಡು ಮಾಡೋಕೆ ಬಂದೋರು ಮತ್ತೆ ಬೀಗ ಹಾಕ್ತಾರಾ? ಹಾಳೆ ಮಡಿಸ್ತಾರಾ? ಮತ್ತೆ ಹೊದಿಸೋ ಯೋಚನೆ ಇದ್ದೋರೇ ಮಡಿಸಿಡೋದು. ಅಂದ್ರೆ ಪುಸ್ತಕಗಳನ್ನ ತಗೊಂಡು ಹೋದವರಿಗೆ ವಾಪಸ್ ಇಡೋ ಮನಸ್ಸಿತ್ತು, ಸಿಸ್ಟರ್‌ಗೆ ಗೊತ್ತಾಗೋದರ ಒಳಗೆ. ಬಸ್ಸಿನಲ್ಲಿ ಹುಟ್ಟಿದ ಯಜಮಾನರು ಶುಕ್ರವಾರ ಸಂಜೆಗೇ ಪೆಟ್ಟಿಗೆ ತೆಗೀತಾರೆ ಅಂತ ನಂಬಿದ್ರು. ಅದೇ ಮಧ್ಯಾಹ್ನ ಒಯ್ದು ಅದೇ ಸಂಜೆ ತಂದಿಡೋದು, ಅದೂ ಇವರು?"

ತಮ್ಮ ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ತಲೆಯಾಡಿಸಿದ.

"ಮಗಳಿಗೆ ಬೆಳಿಗ್ಗೆ ಏಳು ಅಂತ ಗೊತ್ತಿತ್ತು. ಅವಳಾಗಿದ್ರೆ ಏಳರ ಒಳಗೆ ಪೆಟ್ಟಿಗೆ ಹಲಗೆ ಮೇಲಿರಬೇಕಿತ್ತು. ಇನ್ನೂ ಟೈಮಿದೆ ಅಂತ ಈ ಕ್ಷಣದವರೆಗೂ ನಂಬಿರೋರು ಒಬ್ಬರೇ."

ಬೈಂಡರ್ ನೆಲ ನೋಡುತ್ತಿದ್ದ.

"ಮೇಜಿನ ಮೇಲಿನ ಬಿಡಿ ಪ್ರತೀನೂ ಹೋಯ್ತು. ಮಾರೋ ಕಳ್ಳನಿಗೆ ಅದೊಂದು ಯಾಕೆ? ಒಂದನ್ನೂ ಬಿಡದೇ ಒಯ್ದಿದಾರೆ ಅಂದ್ರೆ ಪ್ರತಿ ಪುಸ್ತಕದಲ್ಲೂ ಏನೋ ಒಂದು ಆಗಿದೆ. ಬುಧವಾರ ಕೆಲಸ ಮುಗಿಸಿ, ಬೇರೆ ಕೆಲಸ ಹಿಡಿಯದ ಬೈಂಡರ್ ಕೈಲಿ ಶನಿವಾರ ಹಸಿ ಅಂಟು ಎಲ್ಲಿಂದ ಬಂತು? ನೀವೇ ಹೇಳಿ ಸ್ವಾಮಿ."

ಅವನು ನಿಧಾನವಾಗಿ ಹೇಳಿದ. ಪುಸ್ತಕವನ್ನು ಹದಿನಾರು ಹದಿನಾರು ಪುಟಗಳ ಕಂತೆಗಳಾಗಿ ಜೋಡಿಸಿ ಹೊಲಿಯುತ್ತಾರೆ. ಶುಕ್ರವಾರ ಬೆಳಿಗ್ಗೆ ಕಾರ್ಖಾನೆ ಗುಡಿಸುವಾಗ ಗೋಡೆ ಬದಿಯಲ್ಲಿ ಒಂದು ರಾಶಿ ಕಂಡಿತು: ಏಳನೆಯ ಕಂತೆ, ಅಷ್ಟಕ್ಕಷ್ಟೂ ಉಳಿದಿತ್ತು. ಮುದ್ರಣದವರು ಆರನೆಯದನ್ನು ಬೇಕಾದ್ದರ ಎರಡರಷ್ಟು ಕಳಿಸಿದ್ದರು. ಇವನು ಹುಮ್ಮಸ್ಸಿನಲ್ಲಿ, ದಿನಕ್ಕೆ ಮುಂಚೆಯೇ ಮುಗಿಸುವ ಆತುರದಲ್ಲಿ, ಪ್ರತಿ ಪುಸ್ತಕಕ್ಕೂ ಆರನ್ನೇ ಎರಡು ಸಲ ಹೊಲಿದುಬಿಟ್ಟಿದ್ದ.

"ಏಳನೇದರಲ್ಲೇ ದೊಡ್ಡ ಸಿಸ್ಟರ್ ಕತೆ ಇರೋದು," ಎಂದರು ಸಿಸ್ಟರ್. ಅವರ ಧ್ವನಿ ತಗ್ಗಿತ್ತು.

"ಗೊತ್ತು, ಓದಿದೀನಿ. ನಿನ್ನೆ ಹೇಳೋಕೆ ಅಂತಲೇ ಬಂದೆ ಸಿಸ್ಟರ್. ನೀವಿರಲಿಲ್ಲ. ಈ ಗೋಡೆ ಎದುರು ನಿಂತೆ. ಎಲ್ಲದಕ್ಕೂ ಒಂದು ಚೀಟಿ ಇತ್ತು. ಮನುಷ್ಯ ತಪ್ಪು ಮಾಡಿದ್ರೆ ಏನು ಮಾಡೋದು ಅನ್ನೋದಕ್ಕೆ ಮಾತ್ರ ಇರಲಿಲ್ಲ. ಧೈರ್ಯ ಹೋಯ್ತು. ಮೇಜಿನ ಮೇಲಿದ್ದ ಪ್ರತೀನ ಚೀಲಕ್ಕೆ ಹಾಕ್ಕೊಂಡೆ. ಮಗಳು ತರಗತಿಗೆ ಹೋದ್ಮೇಲೆ ಲಗೇಜ್ ಆಟೋ ತಂದು ತುಂಬಿಸ್ಕೊಂಡು ಹೋದೆ. ಹೊಲಿಗೆ ಬಿಚ್ಚಿ ಸರಿ ಮಾಡ್ತಿದೀನಿ. ನಾಳೆ ಮಧ್ಯಾಹ್ನದೊಳಗೆ ಇಟ್ಟುಬಿಡೋಣ ಅಂತ."

ಸಿಸ್ಟರ್ ಗೋಡೆಯ ಕಡೆ ತಿರುಗಿದರು. ಅವರು ಕೂಗಾಡುತ್ತಾರೆಂದು ನಾನು ಎಣಿಸಿದ್ದೆ.

"ವಾರ್ಡಿನಲ್ಲಿ ಹೆರಿಗೆ ಯಾವತ್ತು ನಾವು ಬರೆದ ದಿನ ಆಯ್ತು ಹೇಳಿ," ಎಂದರು. "ಮಗು ಅಡ್ಡ ತಿರುಗಿದ್ರೆ, ರಕ್ತ ಹೋದ್ರೆ, ಕರೆಂಟು ಹೋದ್ರೆ, ಎಲ್ಲಕ್ಕೂ ಟ್ರೇ ತಯಾರಿಟ್ಕೊಂಡೇ ಕೂತಿರ್ತಿದ್ದೆ. ಪಕ್ಕದಲ್ಲಿದ್ದವರು ಹೆದರದೇ ಬಂದು ನಂಗೆ ಹೇಳ್ತಿದ್ರು, ಅದಕ್ಕೇ ಮಕ್ಕಳು ಉಳೀತಿದ್ವು. ಇಲ್ಲಿ ಬರೀ ದಿನ ಬರೆದೆ. ಅದನ್ನೂ ಸುಳ್ಳು ಸುಳ್ಳೇ ಹೇಳಿದೆ." ಅವರು ಎದ್ದು ಸೆರಗು ಸಿಕ್ಕಿಸಿದರು. "ಎಷ್ಟಾಗಿದೆ?"

"ಹತ್ತರಲ್ಲೊಂದು ಪಾಲು. ನಾನೂ ನನ್ನ ಹೆಂಡ್ತೀನೂ ಇಬ್ಬರೇ."

"ಈಗ ಏಳು ಜನ ಆದ್ವಿ. ಮಗಳೇ, ನಿಂಗೆ ಸೂಜಿ ಹಿಡಿಯೋಕೆ ಬರುತ್ತೆ, ಹೊಲಿಗೆ ನಿಂದು. ಅಮ್ಮಾವ್ರು ಪುಟ ಪರೀಕ್ಷೆ, ಒಂದೊಂದನ್ನೂ ನೋಡಿ ಬಿಡಬೇಕು. ಅಳಿಯಂದ್ರು ಅಂಟು."

"ನಾನು?" ಎಂದ ತಮ್ಮ.

"ನೀನು ನನ್ನ ಕಣ್ಣೆದುರಿಗೇ ಇರು."

ಬೈಂಡಿಂಗ್ ಕಾರ್ಖಾನೆ ಒಂದು ಉದ್ದನೆಯ ಕೋಣೆ. ಒಂದು ಬದಿಗೆ ಕಬ್ಬಿಣದ ಒತ್ತುಯಂತ್ರ, ಇನ್ನೊಂದು ಬದಿಗೆ ರಕ್ಷಾಪುಟ ಕಿತ್ತ ಪುಸ್ತಕಗಳು. ನನ್ನ ಜೀವಮಾನದಲ್ಲಿ ತಿದ್ದಿದ್ದಕ್ಕಿಂತ ಹೆಚ್ಚು ಪುಟಗಳನ್ನು ಆ ದಿನ ಮುಟ್ಟಿದೆ. ಸಿಸ್ಟರ್ ಮೇಜಿನ ತಲೆಯಲ್ಲಿ ನಿಂತು ಎಲ್ಲರ ಕೈ ನೋಡುತ್ತಿದ್ದರು. ಮಧ್ಯಾಹ್ನ ತಮ್ಮ ಒಂದು ಕಂತೆಯನ್ನು ತಲೆಕೆಳಗಾಗಿ ಇಟ್ಟ. ಯಾರೂ ಕೇಳುವ ಮುಂಚೆ ತಾನೇ ಒಪ್ಪಿಕೊಂಡ. ಸಿಸ್ಟರ್ ಅದನ್ನು ಬಿಚ್ಚಿ ಮಗಳ ಕಡೆ ತಳ್ಳಿ, ಮುಂದಿನದನ್ನು ಕೈಗೆತ್ತಿಕೊಂಡರು.

ಭಾನುವಾರ ಸಂಜೆ ಐದು ಗಂಟೆಗೆ ಸಭೆ ಶುರುವಾಯಿತು. ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಸಿದ್ಧವಾಗಿದ್ದವು. ದೊಡ್ಡ ಸಿಸ್ಟರ್ ಮೊದಲ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು, ವೇದಿಕೆಯ ಮೇಲೆಯೇ ಕನ್ನಡಕ ಹಾಕಿ ಏಳನೆಯ ಕಂತೆಯನ್ನು ಓದತೊಡಗಿದರು. ಅವರು ಓದಿ ಮುಗಿಸುವ ತನಕ ಭಾಷಣಗಳು ಕಾದವು. ಉಳಿದ ಪ್ರತಿಗಳ ಕೆಲಸ ಬುಧವಾರ ಮುಗಿಯಿತು. ಶನಿವಾರದ ಹೊತ್ತಿಗೆ ಅವೂ ಮಾರಾಟವಾಗಿದ್ದವು.