ಬಂದರಿನ ನೊರೆ

ಬೆಟ್ಟ ಪುಡಿಪುಡಿಯಾಗಿತ್ತು. ಸುರಂಗವಿದ್ದ ಜಾಗದಲ್ಲಿ ಸೊಟ್ಟಗಾದ ತಂತಿಬಲೆ, ಬೂದುಬಣ್ಣದ ಪ್ಲಾಸ್ಟರ್ ಚೂರುಗಳು, ಅವುಗಳ ನಡುವೆ ಒಂದು ಸುತ್ತಿಗೆ. ಸುತ್ತಿಗೆ ತನ್ನದೇ ಎಂದು ಔಷಧಿ ಅಂಗಡಿಯವನಿಗೆ ಕಂಡೊಡನೆ ಗೊತ್ತಾಯಿತು.

ಮಾದರಿ ರೈಲು ಕ್ಲಬ್ಬಿನವರು (ಆಟಿಕೆ ರೈಲು ಎಂದರೆ ಅಲ್ಲಿ ಜಗಳವೇ ಆದೀತು) ತಮ್ಮ ಹೊಸ ದೊಡ್ಡ ಮಾದರಿಯಲ್ಲಿ ಏನು ಕಟ್ಟುವುದೆಂದು ಆ ಬೆಳಿಗ್ಗೆ ತೀರ್ಮಾನಿಸಬೇಕಿತ್ತು. ಕಣದಲ್ಲಿ ಉಳಿದಿದ್ದು ಎರಡೇ. ಒಂದು ಗಣಿತದ ಮೇಷ್ಟ್ರ ಬೆಟ್ಟದ ದಾರಿ, ಇನ್ನೊಂದು ಔಷಧಿ ಅಂಗಡಿಯವನ ಬಂದರು. ಎರಡರ ಪುಟ್ಟ ನಮೂನೆಗಳೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು. ಹಿಂದಿನ ಸಂಜೆ ಅವನು ಬಂದರಿಗೆ ನೀರಿನ ಬದಲು ವಾರ್ನಿಶ್ ಸುರಿದು, ಬಾಗಿಲು ಹಾಕಿ, ಕೀಲಿಯನ್ನು ಎಂದಿನಂತೆ ಮೀಟರ್ ಪೆಟ್ಟಿಗೆಯ ಮೇಲಿಟ್ಟು ಅಂಗಡಿಗೆ ಹೋಗಿದ್ದ. ಕೀಲಿಯ ಜಾಗ ಗೊತ್ತಿಲ್ಲದ ಸದಸ್ಯನೇ ಇರಲಿಲ್ಲ.

"ಬೆಟ್ಟ ಹೋದ್ರೆ ಲಾಭ ಯಾರಿಗೆ? ರಾತ್ರಿ ನಾವೆಲ್ಲ ಮಲಗಿದ ಮೇಲೆ ಬಂದು ಕೆಲಸ ಮುಗಿಸಿದಾನೆ. ಇಂಥವರು ಕ್ಲಬ್ಬಲ್ಲಿ ಇರೋದು ಬೇಡ," ಎಂದ ಬೇಕರಿಯವನು. ಎಲ್ಲರ ಕಣ್ಣೂ ಔಷಧಿ ಅಂಗಡಿಯವನ ಮೇಲೆ ನೆಟ್ಟವು. ಅವನ ಪಾಲಿಗೆ ಅಂಗಡಿ ಬಿಟ್ಟರೆ ಇದ್ದ ಲೋಕ ಇದೊಂದೇ. ಮೇಷ್ಟ್ರಾದರೂ ತನ್ನ ಪರ ಒಂದು ಮಾತಾಡಿಯಾರು ಎಂದುಕೊಂಡ. ಅವರು ತುಟಿ ಬಿಚ್ಚಲಿಲ್ಲ.

ಅವನು ಸೀದಾ ಮಹಡಿ ಹತ್ತಿ ಅತ್ತಿಗೆಯನ್ನು ಕರೆತಂದ. ನಿವೃತ್ತ ಹಲ್ಲಿನ ಡಾಕ್ಟರು ಅವರು. ಕ್ಲಬ್ಬಿನ ಮೇಲಿನ ಮನೆಯಲ್ಲೇ ವಾಸ. ಕೆಳಗೆ ಒಂದು ಸ್ಕ್ರೂ ಕಾಣೆಯಾದರೂ ಪತ್ತೆಗೆ ಅವರೇ ಬರಬೇಕು.

ಅತ್ತಿಗೆ ಚೂರುಗಳನ್ನು ಮುಟ್ಟಲೇ ಇಲ್ಲ. ಬಂದರಿನ ಮೇಲೆ ಬಗ್ಗಿ, ದಡದುದ್ದಕ್ಕೂ ಬಿದ್ದಿದ್ದ ಬಿಳಿಚಿದ ಪ್ಲಾಸ್ಟರ್ ಧೂಳನ್ನು ಬಟ್ಟೆಯಿಂದ ಒರೆಸಿ ನೋಡಿದರು. ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಆಮೇಲೆ ಮೇಜಿನ ತುದಿಯಲ್ಲಿದ್ದ ಮೇಷ್ಟ್ರ ಹೊಸ ಉದ್ದ ಬೋಗಿಯನ್ನು ಎತ್ತಿಕೊಂಡು, ಇದನ್ನು ಓಡಿಸಿದ್ದೀರಾ ಎಂದು ಕೇಳಿದರು. ನಿನ್ನೆ ತಂದದ್ದು, ಇನ್ನೂ ಹಳಿ ಮೇಲೆ ಇಟ್ಟೇ ಇಲ್ಲ, ಈತನಕ ಓಡಿಸಿದ್ದೆಲ್ಲ ಗಿಡ್ಡ ವ್ಯಾಗನ್‌ಗಳನ್ನೇ ಎಂದರು ಮೇಷ್ಟ್ರು.

ಅತ್ತಿಗೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ವಾರ್ನಿಶ್ ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತೆ?"

"ರಾತ್ರಿ ಊಟದ ಹೊತ್ತಿಗೆಲ್ಲ," ಎಂದ ಮೈದುನ.

"ಗಟ್ಟಿಯಾದ ಮೇಲೆ ಬಿದ್ದಿದ್ರೆ ಧೂಳು ಒಂದೇ ಒರೆಸಿಗೆ ಬರ್ತಿತ್ತು. ಇದು ಒಳಗೇ ಹೂತುಹೋಗಿದೆ. ಅಂದ್ರೆ ಬೆಟ್ಟ ಒಡೆದಿದ್ದು ಸಂಜೆ, ರಾತ್ರಿಯಲ್ಲ. ವಾರ್ನಿಶ್ ಸುರಿದು ಹೋದ ಮೇಲೆ ನೀನು ಅಂಗಡೀಲಿದ್ದೆ. ಸಾಕ್ಷಿ ಯಾರು?"

ಮೈದುನ ಬೇಕರಿಯವನತ್ತ ನೋಡಿದ. ಕೆಮ್ಮಿನ ಔಷಧಿಗೆಂದು ಬಂದು, ಊಟದ ಹೊತ್ತು ಮೀರಿ ಅಂಗಡಿ ಮುಚ್ಚುವವರೆಗೂ ಹರಟೆ ಹೊಡೆಯುತ್ತ ಕೂತಿದ್ದವನು ಅವನೇ. ಬೇಕರಿಯವನು ಪೆಚ್ಚಾಗಿ ಹೌದೆಂದು ತಲೆಯಾಡಿಸಿದ.

ಅತ್ತಿಗೆ ಬೋಗಿಯ ಒಂದು ಪಕ್ಕವನ್ನು ತೋರಿಸಿದರು. ಸರಿಯಾಗಿ ನಡುವೆ ಒಂದು ಗೀರು, ಗೀರಿನಲ್ಲಿ ಬೂದು ಪ್ಲಾಸ್ಟರ್. "ತಿರುವಲ್ಲಿ ಉದ್ದ ಬೋಗಿಯ ಹೊಟ್ಟೆ ಒಳಗಡೆಗೆ ಸರಿಯುತ್ತೆ. ಗಿಡ್ಡ ವ್ಯಾಗನ್ ನುಸುಳೋ ಸುರಂಗದಲ್ಲಿ ಇದು ಸಿಕ್ಕಿಹಾಕಿಕೊಳ್ಳುತ್ತೆ. ಹಳಿ ಮೇಲೆ ಇಡದ ಬೋಗಿಗೆ ಈ ಗಾಯ ಹೇಗಾಯ್ತು, ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದರು. ಸುರಂಗ ತಿರುವಿನ ಮೇಲೇ ಇತ್ತು, ಬೆಳಗಾಗುವಷ್ಟರಲ್ಲಿ ಅದನ್ನು ಮತ್ತೆ ಕೊರೆಯುವುದು ಆಗದ ಮಾತು.

"ಇಲ್ಲಿ ಅರ್ಧ ಜನ ನನ್ನ ಹತ್ರ ವೃತ್ತದ ಪಾಠ ಕಲಿತೋರು," ಎಂದರು ಸಣ್ಣ ದನಿಯಲ್ಲಿ. "ಅವರೆದುರು ನನ್ನ ರೈಲು ತಿರುವಲ್ಲಿ ನಿಂತ್ರೆ ಯಾವ ಮುಖ ಇಟ್ಕೊಂಡು ಬದುಕಲಿ? ಕೈಗೆ ಸಿಕ್ಕಿದ ಸುತ್ತಿಗೆ ತಗೊಂಡೆ. ಯಾರದ್ದು ಅಂತ ನೋಡಲಿಲ್ಲ."

"ಬೆಳಿಗ್ಗೆ ನೋಡಿದ್ರಲ್ಲ. ಆಗ್ಲೂ ಸುಮ್ನಿದ್ರಿ," ಎಂದ ಔಷಧಿ ಅಂಗಡಿಯವನು. ದನಿ ಏರಿಸಲಿಲ್ಲ.

ಕ್ಲಬ್ಬು ಬಂದರನ್ನೇ ಆರಿಸಿತು. ಹೊಸ ವಾರ್ನಿಶ್ ಸುರಿಯೋಣ ಎಂದವರನ್ನು ಅವನು ತಡೆದ. ದಡಕ್ಕೆ ಅಂಟಿದ ಆ ಧೂಳು ಥೇಟ್ ಅಲೆಯ ನೊರೆಯಂತೆ ಕಾಣುತ್ತಿತ್ತು. ನಮೂನೆಯನ್ನು ಹಾಗೆಯೇ ದೊಡ್ಡ ಮಾದರಿಯ ನಡುವೆ ಕೂರಿಸಿದ. ನೋಡಲು ಬಂದವರು ಇಷ್ಟು ಚೆಂದದ ನೊರೆ ಹೇಗೆ ಮಾಡಿದಿರಿ ಎಂದು ಈಗಲೂ ಕೇಳುತ್ತಾರೆ.

"ಅದು ನಮ್ಮ ಮೇಷ್ಟ್ರ ಕೈಕೆಲಸ," ಎನ್ನುತ್ತಾನೆ ಅವನು.

ಮೇಷ್ಟ್ರು ತಲೆ ಎತ್ತದೆ ಬೋಗಿ ಒರೆಸುತ್ತಿರುತ್ತಾರೆ.