ತಳದ ಅನ್ನ

2009ರ ದೀಪಾವಳಿಯ ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಕೈ ನಿಂತುಹೋಯಿತು. ಪಾತ್ರೆಯಲ್ಲಿ ತಳಹಿಡಿದಿದ್ದ ಅನ್ನವನ್ನು ಯಾರೋ ಬೆರಳಿನಿಂದ ಬಳಿದು ತಿಂದಿದ್ದರು. ನಿನ್ನೆಯ ಪಾತ್ರೆ ಇನ್ನೂ ಬೆಚ್ಚಗಿತ್ತು.

ಹಿಂದಿನ ಸಂಜೆ, ತೀರಿಕೊಂಡ ಅತ್ತೆಯ ಹೆಸರಿನಲ್ಲಿ ಬಾಳೆಲೆಗೆ ಕೋಳಿಸಾರು, ರೊಟ್ಟಿ ಬಡಿಸಿ, ಅವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿದ್ದೆವು. "ಅಮ್ಮನಿಗೆ ಇದೇ ಇಷ್ಟ," ಅಂದಿದ್ದರು ನನ್ನ ಗಂಡ ರಂಜನ್. ಅದು ನಿಜಕ್ಕೂ ರಂಜನ್ ಅವರದೇ ಇಷ್ಟ. ಮುಂಬೈ ಬಳಿಯ ಡೊಂಬಿವಲಿಯ ಈ ಅಡುಗೆಮನೆಯಲ್ಲಿ ಅತ್ತೆ ಮೂವತ್ತು ವರ್ಷ, ಎಲ್ಲರೂ ಉಂಡ ಮೇಲೆ, ನಿಂತುಕೊಂಡೇ ತಳ ಬಳಿದು ತಿಂದವರು.

ಎಲೆಯ ಮೇಲಿನದ್ದನ್ನು ಇರುವೆಯೂ ಮುಟ್ಟಿರಲಿಲ್ಲ.

"ಬೆಕ್ಕಿರ್ಬೇಕು ಮಾರಾಯ್ತಿ," ಅಂದರು ರಂಜನ್. ನಮ್ಮದು ನಾಲ್ಕನೇ ಮಾಳಿಗೆ; ಕಿಟಕಿಗಳೆಲ್ಲ ಮುಚ್ಚಿದ್ದವು.

ಏಳು ವರ್ಷದ ಮಗಳು ಅಶ್ಮಿತಾ ಪಾತ್ರೆಯ ತಳ ಇಣುಕಿ ನೋಡಿ ಅಪ್ಪನ ಕಡೆ ತಿರುಗಿದಳು.

"ಪಪ್ಪಾ, ಅಜ್ಜಿಗೆ ಏನಿಷ್ಟ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"