ಖಾಲಿ ಬೆನ್ನಿನ ಕಾರ್ಡುಗಳು

ಎರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಗಂಡನ ಫೋನು ರಿಂಗಾಯಿತು. ಸ್ಟಾಫ್ ರೂಮಿನಲ್ಲಿ, ನನ್ನ ಬ್ಯಾಗಿನೊಳಗೆ. ತೀರಿಕೊಂಡವರ ಫೋನನ್ನು ನಾನು ದಿನವೂ ಚಾರ್ಜಿಗೆ ಹಾಕುತ್ತೇನೆಂದು ಅತ್ತೆಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಸರ್, ನಿಮ್ಮ ವಿಸಿಟಿಂಗ್ ಕಾರ್ಡು ನಮ್ಮ ಸ್ಕೂಲಲ್ಲಿ ಬಿದ್ದಿತ್ತು..."

ದನಿ ಫೋನಿನಿಂದಲೂ ಬಂತು, ಬಾಗಿಲಿನಿಂದಲೂ ಬಂತು. ಬಾಗಿಲಲ್ಲಿ ಹೊಸ ಡ್ರಾಯಿಂಗ್ ಮೇಷ್ಟ್ರು, ಕೈಯಲ್ಲಿ ಕಾರ್ಡು.

"ಅವರು ನನ್ನ ಯಜಮಾನರು," ಎಂದೆ. "ಈಗಿಲ್ಲ."

ಮೇಷ್ಟ್ರ ಮುಖ ಹುಳ್ಳಗಾಯಿತು.

ನನ್ನವರ ಕಾರ್ಡುಗಳು ಡಬ್ಬಿಗಟ್ಟಲೆ ಉಳಿದಿದ್ದವು, ಬೆನ್ನು ಖಾಲಿ. ನನ್ನ ಎರಡನೇ ಕ್ಲಾಸಿನ ಮಕ್ಕಳು ಉದ್ದದ ಇಂಗ್ಲಿಷ್ ಪದ ಕಂಡರೆ ಬೆಪ್ಪಾಗುತ್ತಾರೆ. ಆ ಕಾರ್ಡಿನಿಂದ ಪದ ಮುಚ್ಚಿ ಒಂದೊಂದೇ ತುಂಡು ತೋರಿಸುತ್ತೇನೆ. ಫೆನ್. ಟಾಸ್. ಟಿಕ್. "ಪೂರ್ತಿ ನೋಡಿ ಹೆದರಬೇಡಿ. ಕಂಡಷ್ಟು ಓದಿ, ಆಮೇಲೆ ಸರಿಸಿ." ನಾನೂ ದಿನಗಳನ್ನು ಹಾಗೇ ದೂಡುತ್ತಿದ್ದೆ.

ಮಾರನೆಯ ದಿನ ಮೇಷ್ಟ್ರು ದಪ್ಪ ಹಾಳೆಯಲ್ಲಿ ನಲವತ್ತು ಕಾರ್ಡು ಕತ್ತರಿಸಿ ತಂದರು.

"ಪಾಪ, ಅವರನ್ನ ಇನ್ನೂ ಎಷ್ಟು ದುಡಿಸ್ತೀರಿ? ಸ್ವಲ್ಪ ರಜಾ ಕೊಡಿ, ಟೀಚರ್."

ನಕ್ಕುಬಿಟ್ಟೆ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ನನ್ನವರ ಕಾರ್ಡುಗಳನ್ನು ಡ್ರಾಯರಿನಲ್ಲಿಟ್ಟೆ.

ಮೇಷ್ಟ್ರ ಬಳಿ ಇದ್ದದ್ದು ಗಂಡನ ಆ ನಂಬರೊಂದೇ. ಹೊಸ ಕಾರ್ಡುಗಳಿಗೆ ಚಿತ್ರ ಬರೆಯುವ ನೆಪದಲ್ಲಿ ಸಂಜೆ ಅದಕ್ಕೇ ಫೋನ್ ಮಾಡುತ್ತಿದ್ದರು.

"ಫೆಂಟಾಸ್ಟಿಕ್ ಅನ್ನೋದಕ್ಕೆ ಏನು ಚಿತ್ರ ಬರೀಲಿ? ನಿಮ್ಮ ಮುಖ ಬರೀಲಾ?"

"ಬೇಡಪ್ಪಾ, ಮಕ್ಕಳು ಹೆದರ್ಕೋತಾರೆ."

ನನ್ನ ನಂಬರ್ ಕೊಡಲಿಲ್ಲ. ಕೊಟ್ಟರೆ ಆಸೆ ನನ್ನದೇ ಎಂದು ಒಪ್ಪಿದಂತೆ. ಆದರೆ ಗಂಡನ ಫೋನು ರಿಂಗಾಗಲಿ ಎಂದು, ಅವರ ತಾಯಿಯ ಎದುರೇ ಕೂತು, ಕಾಯತೊಡಗಿದ್ದೆ. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ.

ಗುರುವಾರ, ಖಾಲಿ ಕ್ಲಾಸಿನಲ್ಲಿ ಮೇಷ್ಟ್ರಿಗೆ ಹೇಳಿದೆ.

"ಆ ನಂಬರಿಗೆ ಇನ್ನು ಫೋನ್ ಮಾಡ್ಬೇಡಿ."

ಅವರು ಬ್ರಶ್ ಕೆಳಗಿಟ್ಟರು. "ತಪ್ಪಾಯ್ತು, ಟೀಚರ್."

"ತಪ್ಪು ನನ್ನದು. ದಿನಾ ಕಾಯ್ತೀನಿ. ಅವರ ಫೋನ್ ಹಿಡ್ಕೊಂಡು ನಿಮಗೋಸ್ಕರ ಕಾಯೋದು ನನ್ನ ಕೈಲಾಗಲ್ಲ."

ಡ್ರಾಯರಿನಿಂದ ನನ್ನವರ ಕಾರ್ಡೊಂದನ್ನು ತೆಗೆದು, ಖಾಲಿ ಬೆನ್ನಿನ ಮೇಲೆ ನನ್ನ ನಂಬರ್ ಬರೆದು ಮುಂದಿಟ್ಟೆ.

ಮೇಷ್ಟ್ರು ಅದರ ಮೇಲೆ ಇನ್ನೊಂದು ಕಾರ್ಡು ಮುಚ್ಚಿದರು. ಒಂದೊಂದೇ ಅಂಕಿಯಷ್ಟು ಸರಿಸುತ್ತಾ ಮೆಲ್ಲಗೆ ಓದಿದರು. ಕೊನೆಯ ಅಂಕಿಗೆ ಮೊದಲು ನಿಂತು ನನ್ನನ್ನು ನೋಡಿದರು. ಕಿವಿ ಕೆಂಪಾಗಿತ್ತು.

"ಪೂರ್ತಿ ನೋಡಿ ಹೆದರಬಾರದು, ಅಲ್ವಾ?"

"ಸರಿಸಿ," ಎಂದೆ.

ಮರುದಿನ ಬೆಳಿಗ್ಗೆ ಗಂಡನ ಫೋನು ಆರಿಹೋಗಿತ್ತು. ಚಾರ್ಜಿಗೆ ಹಾಕುವುದನ್ನು ಮರೆತಿದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ಮರೆತವಳಲ್ಲ. ಅದನ್ನು ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ.

ಅತ್ತೆ ಒದ್ದೆ ಕೈ ಒರೆಸಿಕೊಂಡು ಬಂದು ಫೋನನ್ನು ತೆಗೆದುಕೊಂಡರು. ಕಪ್ಪು ಪರದೆಯನ್ನು ಅಂಗೈಯಿಂದ ಸವರಿದರು.

"ಇನ್ಮೇಲೆ ಇದಕ್ಕೆ ನಾನು ಚಾರ್ಜ್ ಹಾಕ್ತೀನಿ ಕಣೇ. ನೀನು ಹೊರಡು, ಸ್ಕೂಲಿಗೆ ಹೊತ್ತಾಯ್ತು."